ಲೇಡಿ ಚಾಟರ್ಲಿಯ ಫ್ರೆಂಚ್ ಸಿನಿಮಾ: ನಮ್ಮ ಓದುಗುಂಪಿನಲ್ಲಿ ನೋಡಬಹುದಾ?

ಪ್ರಶ್ನೆ: ಸರ್, ನಾನು ಶಿವಮೊಗ್ಗ ಕಡೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ವಯಸ್ಸು 52. ನಾವು ಎಂಟು ಜನ ಹೆಂಗಸರು ಎರಡನೇ ಶನಿವಾರ ಯಾರದಾದರೂ ಮನೆಯಲ್ಲಿ ಸೇರಿ, ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಡಿ. ಎಚ್. ಲಾರೆನ್ಸ್‌ನ ‘ಲೇಡಿ ಚಾಟರ್ಲೀಸ್ ಲವರ್’ ಓದಿದೆವು. ಯುದ್ಧದಲ್ಲಿ ಗಾಯಗೊಂಡು ಕಾಲು ಬಾರದ ಗಂಡನಿರುವ ದೊಡ್ಡಮನೆಯ ಹೆಂಗಸು, ತಮ್ಮ ಕಾಡು ಕಾಯುವವನನ್ನು ಪ್ರೀತಿಸುವ ಕಥೆ. ನಮ್ಮಲ್ಲೊಬ್ಬರ ಮಗಳು ಫ್ರಾನ್ಸಿನಲ್ಲಿದ್ದಾಳೆ. ಇದರ ಫ್ರೆಂಚ್ ಸಿನಿಮಾ ನೋಡಲೇಬೇಕು ಅಂತ ಪೆನ್‌ಡ್ರೈವ್‌ನಲ್ಲಿ ಹಾಕಿ ಕಳಿಸಿದ್ದಾಳೆ. ಮೊದಲು ಒಬ್ಬಳೇ ಅರ್ಧ ಗಂಟೆ ನೋಡಿದೆ. ಕಾಡು ಕಾಯುವವನ ಹೆಸರು ಪುಸ್ತಕದಲ್ಲಿ ಮೆಲ್ಲರ್ಸ್, ಇಲ್ಲಿ ಪಾರ್ಕಿನ್! ಕಥೆ ಇಂಗ್ಲೆಂಡಿನದು, ಮಾತೆಲ್ಲ ಫ್ರೆಂಚು. ನಮ್ಮ ಕಾಪಿ 168 ನಿಮಿಷ ಇದೆ, ಬೇರೆ ಕಡೆ 220 ನಿಮಿಷ ಅಂತಿದೆ. ಕತ್ತರಿ ಹಾಕಿದ್ದಾರಾ? ಮಗ ನೋಡಿ, ‘ಅಮ್ಮಾ, ಇದು ಬ್ಲೂ ಫಿಲ್ಮು, ಹೆಂಗಸರೆಲ್ಲ ಸೇರಿ ನೋಡ್ತೀರಾ?’ ಅಂತ ನಕ್ಕ. ಸುಪ್ರೀಂ ಕೋರ್ಟೇ ಅಶ್ಲೀಲ ಅಂದ ಪುಸ್ತಕ ಅಲ್ವಾ ಎಂದು ಯಜಮಾನರು ಹೆದರಿಸಿದರು. ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ದೊಡ್ಡ ಪರದೆ ಮೇಲೆ ಹಾಕೋಣ ಎಂಬ ಮಾತೂ ಬಂದಿದೆ. ಕೊನೆಯದಾಗಿ ಇನ್ನೊಂದು. ನಮ್ಮಲ್ಲೊಬ್ಬರ ಯಜಮಾನರು ಸ್ಟ್ರೋಕ್ ಆಗಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಈ ತಿಂಗಳ ಓದಿಗೆ ಅವರು ಬಂದಿರಲಿಲ್ಲ, ಸಿನಿಮಾಕ್ಕೆ ಬರುತ್ತೇನೆ ಅಂದಿದ್ದಾರೆ. ಅವರ ಮುಂದೆ ಈ ಕಥೆ ಹೇಗೆ ಹಾಕಲಿ? – ಹೆಸರು ಬೇಡ

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಎರಡು ಅಂತ ನನಗನ್ನಿಸಿತು. ಒಂದು, ಇದನ್ನು ನಾಲ್ಕು ಜನರ ಜತೆ ಕೂತು ನೋಡಿದರೆ ಮರ್ಯಾದೆ ಏನಾಗುತ್ತದೆ ಎಂಬುದು. ಇನ್ನೊಂದು, ಆ ಸ್ನೇಹಿತೆ. ಕಾನೂನಿನ ವಿಷಯ ಇವೆರಡರಷ್ಟು ಕಷ್ಟದ್ದಲ್ಲ. ಆದರೆ ಅಲ್ಲೇ ಒಂದು ತಪ್ಪು ಹೆಜ್ಜೆ ಇಡುವ ಹಾಗಿದ್ದೀರಿ, ಅದನ್ನೂ ಹೇಳುತ್ತೇನೆ.

ಮೊದಲು ನಿಮ್ಮ ಹತ್ತಿರ ಇರುವುದು ಯಾವ ಸಿನಿಮಾ ಎಂದು ನೋಡೋಣ. ಈ ಕಾದಂಬರಿಯ ಹೆಸರಿನಲ್ಲಿ ಸಿನಿಮಾಗಳು ಒಂದೆರಡಲ್ಲ. 1955ರಲ್ಲಿ ಮಾರ್ಕ್ ಅಲೆಗ್ರೆ ಮಾಡಿದ್ದೂ ಫ್ರೆಂಚ್ ಸಿನಿಮಾವೇ, ಕಪ್ಪು ಬಿಳುಪಿನದು. ಅದರಲ್ಲಿ ನಾಯಕಿ ಡ್ಯಾನಿಯಲ್ ದಾರಿಯೂ. 1981ರಲ್ಲಿ ಸಿಲ್ವಿಯಾ ಕ್ರಿಸ್ಟೆಲ್‌ಳನ್ನು ಹಾಕಿಕೊಂಡು ಜುಸ್ತ್ ಜಾಕ್ಯಾಂ ಒಂದು ಮಾಡಿದ. ‘ಎಮ್ಯಾನುಯೆಲ್’ ಎಂಬ ಕಾಮಪ್ರಧಾನ ಸಿನಿಮಾ ಮಾಡಿ ಹೆಸರು ದುಡ್ಡು ಎರಡೂ ಗಳಿಸಿದ ಜೋಡಿ ಇದೇ. ಅದು ಇಂಗ್ಲಿಷಿನದು. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದೂ ಇಂಗ್ಲಿಷೇ, ಆದರೆ ನಿರ್ದೇಶಕಿ ಫ್ರಾನ್ಸಿನವಳು. ಪಾರ್ಕಿನ್ ಎಂಬ ಹೆಸರು, 168 ನಿಮಿಷ ಎಂಬ ಲೆಕ್ಕ ನೋಡಿದರೆ ನಿಮ್ಮದು 2006ರ ‘ಲೇಡಿ ಚಾಟರ್ಲಿ’. ನಿರ್ದೇಶಕಿ ಪಾಸ್ಕಲ್ ಫೆರಾನ್. ನಿಮ್ಮ ಮಗ ಬ್ಲೂ ಫಿಲ್ಮ್ ಅಂದದ್ದು ಹುಡುಕಿದಾಗ ಕಣ್ಣಿಗೆ ಬಿದ್ದ 1981ರದರ ಪೋಸ್ಟರ್ ನೋಡಿ ಇರಬಹುದು. ಪಾಪ, ಅವನ ತಪ್ಪಲ್ಲ.

ಫೆರಾನ್ ಸಿನಿಮಾಕ್ಕೆ 2006ರಲ್ಲಿ ಲೂಯಿ ದೆಲ್ಯುಕ್ ಪ್ರಶಸ್ತಿ ಬಂತು. ಮರುವರ್ಷ ಸೆಸಾರ್ ಪ್ರಶಸ್ತಿಗಳಲ್ಲಿ ಐದು ಇದಕ್ಕೇ ಸಿಕ್ಕವು. ಅತ್ಯುತ್ತಮ ಚಿತ್ರ, ನಟಿ, ಪುಸ್ತಕದಿಂದ ಚಿತ್ರಕಥೆಗೆ ರೂಪಾಂತರ, ಛಾಯಾಗ್ರಹಣ, ವಸ್ತ್ರವಿನ್ಯಾಸ. ಸೆಸಾರ್ ಅಂದರೆ ಫ್ರಾನ್ಸಿನ ಚಿತ್ರರಂಗದವರೇ ತಮ್ಮವರಿಗೆ ಕೊಡುವ ದೊಡ್ಡ ಗೌರವ. ಈ ಪಟ್ಟಿಯಲ್ಲಿ ವಸ್ತ್ರವಿನ್ಯಾಸವೂ ಇದೆ, ಗಮನಿಸಿದಿರಾ? ಬರೀ ಬಟ್ಟೆ ಬಿಚ್ಚುವ ಸಿನಿಮಾಕ್ಕೆ ಬಟ್ಟೆಯ ಪ್ರಶಸ್ತಿ ಯಾರೂ ಕೊಡುವುದಿಲ್ಲ ಅಂತ ಮಗನಿಗೆ ಹೇಳಿ.

ಇನ್ನು ಹೆಸರಿನ ಗೊಂದಲ. ಲಾರೆನ್ಸ್ ಈ ಕಾದಂಬರಿಯನ್ನು ಮೂರು ಸಲ ಬರೆದ. ತಿದ್ದಿದ್ದಲ್ಲ, ಮೊದಲಿನಿಂದ ಮತ್ತೆ ಬರೆದದ್ದು. 1926ರಿಂದ 1928ರವರೆಗೆ, ಇಟಲಿಯ ಫ್ಲಾರೆನ್ಸ್ ಹತ್ತಿರದ ಒಂದು ಹಳ್ಳಿಮನೆಯಲ್ಲಿ, ಕ್ಷಯ ಒಳಗೇ ತಿನ್ನುತ್ತಿದ್ದಾಗ. ನೀವು ಓದಿದ್ದು ಮೂರನೆಯದು. ಅದು 1928ರಲ್ಲಿ ಫ್ಲಾರೆನ್ಸಿನಲ್ಲಿ ಖಾಸಗಿಯಾಗಿ 1000 ಪ್ರತಿ ಅಚ್ಚಾಯಿತು. ಅಚ್ಚುಮೊಳೆ ಜೋಡಿಸಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಹಾಗಾಗಿ ಯಾರೂ ಮುಖ ಕೆಂಪು ಮಾಡಿಕೊಳ್ಳಲಿಲ್ಲ, ತಪ್ಪುಗಳು ಮಾತ್ರ ಧಾರಾಳ ಉಳಿದವು.

ಫೆರಾನ್ ತೆಗೆದುಕೊಂಡದ್ದು ಎರಡನೆಯ ಬರಹವನ್ನು. ಇಂಗ್ಲಿಷಿನಲ್ಲಿ ಅದು 1972ರಲ್ಲಿ ‘ಜಾನ್ ಥಾಮಸ್ ಅಂಡ್ ಲೇಡಿ ಜೇನ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. (ಆ ಹೆಸರಿನ ಅರ್ಥವನ್ನು ಕ್ಲಾಸಿನಲ್ಲಿ ಹೇಳಿಕೊಡಲು ಹೋಗಬೇಡಿ.) ಫ್ರೆಂಚಿನಲ್ಲಿ ಅದನ್ನು ‘ಲೇಡಿ ಚಾಟರ್ಲಿ ಮತ್ತು ಕಾಡಿನ ಮನುಷ್ಯ’ ಎಂಬ ಅರ್ಥ ಬರುವ ಹೆಸರಿಟ್ಟು ಕರೆದರು. ಅದರಲ್ಲಿ ಕಾವಲುಗಾರ ಪಾರ್ಕಿನ್.

ಬದಲಾದದ್ದು ಹೆಸರು ಒಂದೇ ಅಲ್ಲ. ನಿಮ್ಮ ಮೆಲ್ಲರ್ಸ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು, ನಮ್ಮ ಇಂಡಿಯಾದಲ್ಲೂ ಇದ್ದು ಹೋದವನು. ಪುಸ್ತಕ ಓದಿದವನು. ಬೇಕೆಂದಾಗ ದೊರೆಗಳ ಇಂಗ್ಲಿಷ್ ಆಡಬಲ್ಲ, ಬೇಡವೆಂದಾಗ ಡರ್ಬಿಶೈರ್‌ನ ಹಳ್ಳಿ ಮಾತಿಗೆ ಇಳಿಯಬಲ್ಲ. ಗಂಡು ಹೆಣ್ಣು, ಯಂತ್ರ, ನಾಗರಿಕತೆ ಅಂತ ಪುಟಗಟ್ಟಲೆ ಉಪದೇಶ ಮಾಡುತ್ತಾನೆ. ನಿಜ ಹೇಳಲಾ? ನಾನು ಆ ಪುಟಗಳನ್ನು ಪ್ರತಿ ಸಲವೂ ಹಾರಿಸಿಯೇ ಓದುವುದು. ಪಾರ್ಕಿನ್ ಹಾಗಲ್ಲ. ಅವನು ಬರೀ ಕೆಲಸಗಾರ. ಮಾತು ಕಡಿಮೆ, ಸಂಕೋಚ ಜಾಸ್ತಿ. ನಾಯಕಿ ಕಾನ್‌ಸ್ಟನ್ಸ್, ಅಂದರೆ ಲೇಡಿ ಚಾಟರ್ಲಿ, ಕಾಡಿನ ಗುಡಿಸಲಿನ ಬೀಗದ ಕೈ ಕೇಳಿದರೆ ಇವನಿಗೆ ಕಿರಿಕಿರಿ ಆಗುತ್ತದೆ, ತನ್ನ ಏಕಾಂತ ಹೋಯಿತಲ್ಲ ಎಂದು. ಅವನ ಪಾತ್ರ ಮಾಡಿದ ಝಾನ್ ಲೂಯಿ ಕೂಲೊಕ್ ದಪ್ಪ ಮೈಯ, ನಡುವಯಸ್ಸಿನ, ರಂಗಭೂಮಿಯ ನಟ. ಹೀರೋ ಮುಖ ಅಲ್ಲವೇ ಅಲ್ಲ. ಹಾಗಾಗಿ ನಿಮಗೆ ಸಿನಿಮಾದಲ್ಲಿ ಉಪದೇಶದ ಪುಟಗಳು ಕಾಣದಿದ್ದರೆ, ಅದು ಸೆನ್ಸಾರ್‌ನವರ ಕತ್ತರಿ ಅಲ್ಲ. ಲಾರೆನ್ಸ್ ಇನ್ನೂ ಉಪದೇಶಕ್ಕೆ ಇಳಿಯದ ಕಾಲದ ಬರಹ ಅದು.

220 ನಿಮಿಷದ್ದು ಟಿವಿಗೆಂದು ಮಾಡಿದ ಉದ್ದದ ಆವೃತ್ತಿ. ಥಿಯೇಟರಿನಲ್ಲಿ ಬಂದದ್ದೇ 168 ನಿಮಿಷ. ನಿಮ್ಮ ಕಾಪಿಯಲ್ಲಿ ಏನೂ ಹೋಗಿಲ್ಲ.

ಇಂಗ್ಲೆಂಡಿನವರು ಫ್ರೆಂಚ್ ಮಾತಾಡುವ ವಿಷಯಕ್ಕೆ ಬರುತ್ತೇನೆ. ಮೊದಲ ಹತ್ತು ನಿಮಿಷ ನನಗೂ ಕಸಿವಿಸಿ ಆಗಿತ್ತು. ಗಣಿ ಊರಿನ ಇಂಗ್ಲಿಷ್ ಜನ, ಹೆಸರೆಲ್ಲ ಇಂಗ್ಲಿಷು, ಬಾಯಿ ಬಿಟ್ಟರೆ ಫ್ರೆಂಚು. ಲಾರೆನ್ಸ್‌ನ ಹಳ್ಳಿ ಮಾತಿನ ಸೊಗಡು ಪೂರ್ತಿ ಹೋಯಿತಲ್ಲ ಅನ್ನಿಸಿತು. ಧಾರವಾಡದ ಮಾತನ್ನು ತೆಗೆದು ಪಠ್ಯಪುಸ್ತಕದ ಕನ್ನಡ ಇಟ್ಟ ಹಾಗೆ. ಆದರೆ ಆಮೇಲೆ ಒಂದು ಸಂಗತಿ ಹೊಳೆಯಿತು. ನಮ್ಮಂಥವರಿಗೆ ಇದು ಇಂಗ್ಲಿಷಿನವರಿಗಿಂತ ಬೇಗ ಹೊಳೆಯುತ್ತದೆ.

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’. ಯಜಮಾನಿಗೂ ಅದೇ, ನಾಯಿಗೂ ಅದೇ. ಲಾರೆನ್ಸ್‌ಗೆ ಒಂದು ‘ನೀನು’ ಬೇಕಿತ್ತು. ಅದಕ್ಕೇ ಅವನು ಹಳ್ಳಿ ಮಾತಿನ ‘ದೀ’, ‘ದಾ’ಗಳನ್ನು ಕಾವಲುಗಾರನ ಬಾಯಿಗೆ ಹಾಕಿದ. ಫ್ರೆಂಚಿಗೆ ಆ ಕಷ್ಟವೇ ಇಲ್ಲ. ಅಲ್ಲಿ ‘ವೂ’ ಅಂದರೆ ನೀವು, ‘ತ್ಯು’ ಅಂದರೆ ನೀನು. ನಮ್ಮ ಹಾಗೇ. ದೊಡ್ಡಮನೆ ಹೆಂಗಸಿಗೆ ಆಳುಮಗ ‘ನೀವು’ ಎಂದೇ ಶುರುಮಾಡುವುದು, ಯಾವ ಗಳಿಗೆಯಲ್ಲಿ ಯಾರು ಮೊದಲು ‘ನೀನು’ ಅಂದಾರು ಎಂದು ಕಾಯುವುದು, ಇದೆಲ್ಲ ನಮಗೆ ಹೇಳಿಕೊಡಬೇಕಾ? ಕೆಳಗೆ ಓಡುವ ಇಂಗ್ಲಿಷ್ ಸಬ್‌ಟೈಟಲ್ ಎರಡಕ್ಕೂ ‘ಯು’ ಎಂದೇ ಹಾಕುತ್ತದೆ. ಹಾಗಾಗಿ ಅಕ್ಷರದ ಮೇಲಷ್ಟೇ ಕಣ್ಣಿಡದೆ ಆ ಎರಡು ಶಬ್ದಕ್ಕೆ ಕಿವಿ ಕೊಡಿ ಅಂತ ನಿಮ್ಮ ಗುಂಪಿಗೆ ಮೊದಲೇ ಹೇಳಿ. ಫ್ರೆಂಚ್ ಬರಬೇಕಾಗಿಲ್ಲ. ಇದೇ ಕಾರಣಕ್ಕೆ ಇಂಗ್ಲಿಷ್ ಡಬ್ಬಿಂಗ್ ಏನಾದರೂ ಸಿಕ್ಕರೆ ಅದನ್ನು ಹಾಕಬೇಡಿ.

ಕಾನ್‌ಸ್ಟನ್ಸ್ ಪಾತ್ರ ಮಾಡಿದ ಮರೀನಾ ಹ್ಯಾಂಡ್ಸ್‌ಳ ಅಪ್ಪ ಟೆರ್ರಿ ಹ್ಯಾಂಡ್ಸ್ ಇಂಗ್ಲಿಷ್ ನಾಟಕ ನಿರ್ದೇಶಕ, ಅಮ್ಮ ಫ್ರೆಂಚ್ ನಟಿ. ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ.

ಈಗ ಬ್ಲೂ ಫಿಲ್ಮ್ ಮಾತು. ಮುಚ್ಚಿಡುವುದಿಲ್ಲ. ಈ ಸಿನಿಮಾದಲ್ಲಿ ಕಾಮದ ದೃಶ್ಯಗಳು ಐದಾರು ಇವೆ. ಬೆತ್ತಲೆ ಇದೆ, ಹೆಣ್ಣಿನದೂ ಗಂಡಿನದೂ. ಹದಿನೆಂಟು ತುಂಬದವರು ಇರುವ ಕಡೆ ಹಾಕುವ ಸಿನಿಮಾ ಅಲ್ಲ. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ಒಂದು ರಟ್ಟಿನ ಫೈಲಿನಿಂದ.

ಎಂಬತ್ತರ ದಶಕ. ನಾನಾಗ ಊರೂರಿಗೆ ಹೋಗಿ 16 ಎಂಎಂ ಪ್ರೊಜೆಕ್ಟರಿನಲ್ಲಿ ಸಿನಿಮಾ ತೋರಿಸುತ್ತಿದ್ದೆ. ಒಂದು ಊರಿನ ಸಭಾಂಗಣದಲ್ಲಿ ಯುರೋಪಿನ ಸಿನಿಮಾ ಹಾಕಿದ್ದೆವು. ಇನ್ನೂರು ಜನ ಇದ್ದರು. ಗಂಡ ಹೆಂಡತಿ ಮಲಗುವ ಕೋಣೆಗೆ ಬರುವ ದೃಶ್ಯ ಬಂತು. ಜನ ತಣ್ಣಗೆ ನೋಡುತ್ತಿದ್ದರು. ಅಷ್ಟರಲ್ಲಿ ಅಲ್ಲಿನ ಕಾರ್ಯದರ್ಶಿಗಳಿಗೆ ಗಾಬರಿಯಾಗಿ, ಕೈಯಲ್ಲಿದ್ದ ರಟ್ಟಿನ ಫೈಲನ್ನು ಲೆನ್ಸಿಗೆ ಅಡ್ಡ ಹಿಡಿದುಬಿಟ್ಟರು. ಪರದೆ ಕತ್ತಲಾಯಿತು. ಆದರೆ ಸೌಂಡ್ ನಿಲ್ಲಲಿಲ್ಲ! ಉಸಿರು, ಮಂಚದ ಕಿರುಗುಟ್ಟು, ಒಂದು ನಗು. ಕತ್ತಲಲ್ಲಿ ಶುರುವಾಯಿತು ನೋಡಿ ಶಿಳ್ಳೆ. ಎರಡು ನಿಮಿಷದ ಮೇಲೆ ಫೈಲು ತೆಗೆದರೆ, ಪರದೆಯ ಮೇಲೆ ಆ ಹೆಂಗಸು ಕಿಟಕಿ ಹತ್ತಿರ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಜನ ಅದಕ್ಕೂ ಶಿಳ್ಳೆ ಹೊಡೆದರು. ಅವತ್ತು ಆ ಹಾಲ್‌ನಲ್ಲಿ ಅಶ್ಲೀಲ ಅಂತ ಏನಾದರೂ ಇದ್ದರೆ ಅದು ಆ ರಟ್ಟು.

ಬ್ಲೂ ಫಿಲ್ಮಿನಲ್ಲಿ ಕಾಮದ ಮುಂಚೆಯೂ ಏನಿಲ್ಲ, ಆಮೇಲೆಯೂ ಏನಿಲ್ಲ. ಇಲ್ಲಿ ಇರುವುದೆಲ್ಲ ಆ ಮುಂಚೆ ಮತ್ತು ಆಮೇಲೆಯಲ್ಲೇ. ಕಾನ್‌ಸ್ಟನ್ಸ್ ಅವನನ್ನು ಮೊದಲು ಕಾಣುವ ದೃಶ್ಯ ನೀವು ನೋಡಿದ ಅರ್ಧ ಗಂಟೆಯಲ್ಲೇ ಬಂದಿರಬೇಕು. ಅವನು ಮನೆ ಹಿಂದೆ ಅಂಗಿ ಬಿಚ್ಚಿ ಮೈ ತೊಳೆದುಕೊಳ್ಳುತ್ತಿರುತ್ತಾನೆ, ಬೆನ್ನು ಇವಳ ಕಡೆ. ಅವನಿಗೆ ಗೊತ್ತೂ ಆಗುವುದಿಲ್ಲ. ಅವಳು ಥಟ್ಟನೆ ಹಿಂದೆ ಸರಿದು, ಕಾಡಿನೊಳಗೆ ಹೋಗಿ, ಉಸಿರು ಹಿಡಿದುಕೊಳ್ಳಲು ಕೂತುಬಿಡುತ್ತಾಳೆ. ಸಾಮಾನ್ಯ ಸಿನಿಮಾ ಆದರೆ ಆ ಬೆನ್ನನ್ನೇ ತೋರಿಸುತ್ತ ನಿಲ್ಲುತ್ತಿತ್ತು. ಫೆರಾನ್ ನಮ್ಮನ್ನು ಕೂರಿಸುವುದು ಕೂತವಳ ಪಕ್ಕದಲ್ಲಿ.

ಮುಂದೆ ಫೆಸೆಂಟ್ ಎಂಬ ಕಾಡುಕೋಳಿಯ ಮರಿಯ ದೃಶ್ಯ ಬರುತ್ತದೆ, ಪುಸ್ತಕದಲ್ಲೂ ಇದೆ. ಗುಡಿಸಲ ಮುಂದೆ, ಆಗಷ್ಟೇ ಮೊಟ್ಟೆಯೊಡೆದ ಮರಿಯನ್ನು ಅವಳ ಅಂಗೈಗೆ ಕೊಡುತ್ತಾನೆ. ಹಿಡಿಯಷ್ಟೂ ಇಲ್ಲದ ಜೀವ. ಅದನ್ನು ಹಿಡಿದುಕೊಂಡೇ ಅವಳಿಗೆ ಅಳು ಬರುತ್ತದೆ. ಮಕ್ಕಳಿಲ್ಲದ, ವರ್ಷಗಳಿಂದ ಯಾರೂ ಮುಟ್ಟದ ಹೆಂಗಸು. ಅವನಿಗೆ ಏನು ಮಾಡಬೇಕೋ ತಿಳಿಯದೆ ಕೈ ಚಾಚುತ್ತಾನೆ. ಆಮೇಲೆ ಗುಡಿಸಲೊಳಗೆ ನಡೆಯುವುದು ಮೈತುಂಬ ಬಟ್ಟೆ ಇದ್ದೇ ನಡೆಯುತ್ತದೆ. ಬೇಗ ಮುಗಿದೂ ಹೋಗುತ್ತದೆ. ಕ್ಯಾಮೆರಾ ಇರುವುದು ಅವಳ ಮುಖದ ಮೇಲೆ. ಆ ಮುಖದಲ್ಲಿ ಸುಖ ಅಂತ ಹೇಳುವ ಹಾಗೆ ಏನಿಲ್ಲ, ಬರೀ ಆಶ್ಚರ್ಯ. ಅಲ್ಲಿಂದ ಮುಂದೆ ಪ್ರತಿ ಸಲವೂ ಒಂದು ಹೊಸ ಸಂಗತಿ ಸೇರುತ್ತ ಹೋಗುತ್ತದೆ. ಒಂದು ಬಟ್ಟೆ ಕಡಿಮೆ, ಒಂದು ಮಾತು ಜಾಸ್ತಿ. ಕೊನೆಕೊನೆಗೆ ಮಳೆಯಲ್ಲಿ ಇಬ್ಬರೂ ಬೆತ್ತಲೆ ಓಡುತ್ತಾರೆ, ಮೈಮೇಲೆ ಕಾಡುಹೂ ಇಟ್ಟುಕೊಳ್ಳುತ್ತಾರೆ. ಬಿಡಿಯಾಗಿ ಕೇಳಿದರೆ ನಗು ಬರಬಹುದು. ಎರಡು ಗಂಟೆ ಅವರ ಜತೆ ನಡೆದು ಬಂದವರಿಗೆ, ಇಬ್ಬರು ನಡುವಯಸ್ಸಿನತ್ತ ಬಂದವರು ಮಕ್ಕಳಾದರು ಅನ್ನಿಸುತ್ತದೆ.

ಸಿನಿಮಾ ನಿಧಾನ. ಅದನ್ನೂ ಹೇಳಿಬಿಡಬೇಕು. ದೊಡ್ಡಮನೆಯಿಂದ ಗುಡಿಸಲಿಗೆ ನಡೆಯುವುದನ್ನೇ ಎಷ್ಟು ಸಲ ತೋರಿಸುತ್ತಾರೆಂದರೆ, ಚಳಿಗಾಲ ಹೋಗಿ ವಸಂತ ಬಂದದ್ದು ನಿಮಗೆ ದಾರಿಬದಿಯ ಹೂವಿನಿಂದ ಗೊತ್ತಾಗಬೇಕು. ಮಲೆನಾಡಿನ ಕಡೆಯವರು ನೀವು, ನಿಮಗೆ ಬೇಜಾರಾಗದು. ರೋಮಾಂಚನಕ್ಕೆಂದು ಬಂದವರು ನಲವತ್ತನೇ ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಯಜಮಾನರ ಮಾತು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಕಥೆ. 1959ರ ಡಿಸೆಂಬರಿನಲ್ಲಿ ಬಾಂಬೆಯ ಒಂದು ಪುಸ್ತಕದಂಗಡಿಗೆ ಪೊಲೀಸರು ನಕಲಿ ಗಿರಾಕಿಯನ್ನು ಕಳಿಸಿ ಈ ಕಾದಂಬರಿ ಕೊಂಡುಕೊಂಡರು. ಅಂಗಡಿಯ ಪಾಲುದಾರರ ಮೇಲೆ ಕೇಸಾಯಿತು. ಶಿಕ್ಷೆ ಎಷ್ಟು ಗೊತ್ತಾ? ಇಪ್ಪತ್ತು ರೂಪಾಯಿ ದಂಡ, ಕಟ್ಟದಿದ್ದರೆ ಒಂದು ವಾರ ಜೈಲು. ಪಾಲುದಾರರಲ್ಲೊಬ್ಬರಾದ ರಂಜಿತ್ ಉದೇಶಿ ಅದನ್ನು ಸುಪ್ರೀಂ ಕೋರ್ಟಿನವರೆಗೂ ಒಯ್ದರು. ಇದು ಸಾಹಿತ್ಯ ಎಂದು ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಸಾಕ್ಷಿ ಹೇಳಿದ್ದರು. 1964ರಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಬರೆದ ತೀರ್ಪು ಶಿಕ್ಷೆಯನ್ನು ಎತ್ತಿಹಿಡಿಯಿತು. ಬೆತ್ತಲೆ ಇದ್ದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ, ಕಲೆ ಮತ್ತು ಅಶ್ಲೀಲ ಬೆರೆತಿದ್ದರೆ ಕಲೆಯ ಕೈ ಮೇಲಾಗಿರಬೇಕು ಎಂದು ಅದೇ ತೀರ್ಪಿನಲ್ಲಿದೆ. ಈ ಪುಸ್ತಕದಲ್ಲಿ ಹಾಗಿಲ್ಲ ಎಂದು ಅವರಿಗೆ ಅನ್ನಿಸಿತು, ಅಷ್ಟೇ.

ತಮಾಷೆ ಏನೆಂದರೆ, ಅವರು ಅಳೆದದ್ದು ಇಂಗ್ಲೆಂಡಿನ 1868ರ ಅಳತೆಗೋಲಿನಿಂದ. ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಬೀಳುವ ಮನಸ್ಸನ್ನು ಇದು ಕೆಡಿಸೀತೇ ಎಂದು ಕೇಳುವ ಹಿಕ್ಲಿನ್ ಪರೀಕ್ಷೆ ಅದು. ಅಷ್ಟು ಹೊತ್ತಿಗೆ ಇಂಗ್ಲೆಂಡೇ ಅದನ್ನು ಬಿಟ್ಟಾಗಿತ್ತು. ಪುಸ್ತಕವನ್ನು ಇಡಿಯಾಗಿ ನೋಡಬೇಕು ಎಂಬ ಹೊಸ ಕಾನೂನು 1959ರಲ್ಲಿ ಬಂದು, ಮರುವರ್ಷ ಲಂಡನ್ನಿನ ಕೋರ್ಟಿನಲ್ಲಿ ಪೆಂಗ್ವಿನ್ ಪ್ರಕಾಶನ ಇದೇ ಪುಸ್ತಕದ ಕೇಸನ್ನು ಗೆದ್ದಿತ್ತು. ಅಲ್ಲಿ ಸರ್ಕಾರದ ವಕೀಲ ಕೆಟ್ಟ ಶಬ್ದಗಳನ್ನು ಒಂದೊಂದಾಗಿ ಎಣಿಸಿ ಜೂರಿಗೆ ಲೆಕ್ಕ ಒಪ್ಪಿಸಿದ. ನಿಮ್ಮ ಹೆಂಡತಿಯೋ ಮನೆಯಾಳುಗಳೋ ಇದನ್ನು ಓದಲಿ ಎಂದು ಬಯಸುತ್ತೀರಾ ಎಂದೂ ಕೇಳಿದ. ಜೂರಿಯಲ್ಲಿ ಹೆಂಗಸರೂ ಇದ್ದರು! ಫ್ರಾನ್ಸಿನವರಂತೂ 1932ರಿಂದಲೇ ಇದನ್ನು ತಮ್ಮ ಭಾಷೆಯಲ್ಲಿ ಆರಾಮಾಗಿ ಓದುತ್ತಿದ್ದರು. ಅದಕ್ಕೆ ಮುನ್ನುಡಿ ಬರೆದವರು ಹೆಸರಾಂತ ಫ್ರೆಂಚ್ ಕಾದಂಬರಿಕಾರ ಆಂದ್ರೆ ಮಾಲ್ರೋ.

ನಮ್ಮಲ್ಲೂ ಕಾಲ ನಿಂತಿಲ್ಲ. 1969ರಲ್ಲಿ ಸಾಹಿತ್ಯ, ಕಲೆ, ವಿಜ್ಞಾನ, ಕಲಿಕೆಗೆ ವಿನಾಯಿತಿ ಕೊಟ್ಟು ಕಾನೂನು ತಿದ್ದಿದರು. 2014ರಲ್ಲಿ, ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವನ ಗೆಳತಿಯ ಬೆತ್ತಲೆ ಫೋಟೋ ಅಚ್ಚು ಹಾಕಿದ ಕೇಸಿನಲ್ಲಿ, ಸುಪ್ರೀಂ ಕೋರ್ಟೇ ಹಿಕ್ಲಿನ್ ಅಳತೆಗೋಲನ್ನು ಕೈಬಿಟ್ಟಿತು. ಇವತ್ತಿನ ಸಮಾಜದ ಕಣ್ಣಿನಿಂದ, ಇಡಿಯಾಗಿ ನೋಡಬೇಕು ಎಂದಿತು. ಕಾದಂಬರಿ ಇವತ್ತು ಅಂಗಡಿಯಲ್ಲಿ ಸಿಗುತ್ತದೆ. ನೀವೇ ಕೊಂಡು ಓದಿದ್ದೀರಲ್ಲ.

ಆದರೆ ಪುಸ್ತಕದ ಕಾನೂನು ಬೇರೆ, ಸಿನಿಮಾದ್ದು ಬೇರೆ. ನೀವು ಎಡವುವ ಜಾಗ ಇದು. ಸೆಮಿನಾರ್ ಹಾಲ್ ಅಂದಿರಲ್ಲ, ಅದು ಬೇಡವೇ ಬೇಡ. ಸಾರ್ವಜನಿಕವಾಗಿ ತೋರಿಸುವ ಯಾವ ಸಿನಿಮಾಕ್ಕೂ ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟ್ ಬೇಕು. ಅದಿಲ್ಲದೆ ತೋರಿಸುವುದು ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಅಪರಾಧ, ಜೈಲು ದಂಡ ಎರಡಕ್ಕೂ ದಾರಿ ಇದೆ. ಟಿಕೆಟ್ ಇಟ್ಟಿಲ್ಲ, ಶೈಕ್ಷಣಿಕ ಉದ್ದೇಶ ಎಂದು ನೀವು ಹೇಳಬಹುದು. ಆದರೆ ಕಾಲೇಜು ಅಂದಮೇಲೆ ನೋಟಿಸ್ ಬೋರ್ಡು, ಪಿಯುಸಿ ಹುಡುಗರು, ಬಾಗಿಲ ಸಂದಿಯಿಂದ ತೆಗೆದ ಒಂದು ಮೊಬೈಲ್ ವಿಡಿಯೋ. ಆಮೇಲೆ ನಿಮ್ಮ ಪ್ರಿನ್ಸಿಪಾಲರ ಮುಂದೆ ಲಾರೆನ್ಸ್‌ನ ಮೂರು ಬರಹಗಳ ವ್ಯತ್ಯಾಸ ಹೇಳುತ್ತ ನಿಲ್ಲಬೇಕಾಗುತ್ತದೆ. ನನಗೆ ಗೊತ್ತಿರುವ ಒಬ್ಬ ಮೇಷ್ಟ್ರು ಇದಕ್ಕಿಂತ ಸಪ್ಪೆ ಸಿನಿಮಾಕ್ಕೆ ಆರು ತಿಂಗಳು ಒದ್ದಾಡಿದರು.

ದೊಡ್ಡ ಪರದೆಯಲ್ಲೇ ನೋಡಬೇಕು ಅಂದರೆ ಸರಿಯಾದ ದಾರಿ ಫಿಲ್ಮ್ ಸೊಸೈಟಿಯದ್ದು. ನೋಂದಾಯಿತ ಸೊಸೈಟಿ, ವಯಸ್ಕ ಸದಸ್ಯರು, ಬೇಕಾದ ಅನುಮತಿ, ಸಿನಿಮಾದ ಹಕ್ಕು ಇರುವವರಿಂದ ಪಡೆದ ಪ್ರತಿ. ಬೆಂಗಳೂರಿನ ಸುಚಿತ್ರಾದಂಥವರು ದಶಕಗಳಿಂದ ಹೀಗೇ ವಿದೇಶಿ ಸಿನಿಮಾ ತೋರಿಸುತ್ತ ಬಂದಿದ್ದಾರೆ. ಫ್ರೆಂಚ್ ಸಿನಿಮಾ ಆದ್ದರಿಂದ ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್‌ನವರನ್ನೂ ಕೇಳಿ ನೋಡಬಹುದು. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಕಾಗದ ಪತ್ರ ಜಾಸ್ತಿ.

ನನ್ನನ್ನು ಕೇಳಿದರೆ, ನಿಮ್ಮ ಎರಡನೇ ಶನಿವಾರವೇ ಸಾಕು. ಎಂಟು ಜನ ವಯಸ್ಕರು, ಒಬ್ಬರ ಮನೆ, ಟಿವಿ. ಇದು ಸಾರ್ವಜನಿಕ ಪ್ರದರ್ಶನ ಅಲ್ಲ. ದೊಡ್ಡವರು ಮನೆಯೊಳಗೆ ಇಂಥ ಸಿನಿಮಾ ನೋಡಿದ್ದಕ್ಕೆ ಕೇಸ್ ಆಗುವ ಭಯ ಬೇಡ. ದುಡ್ಡು ಎತ್ತಬೇಡಿ, ಪೋಸ್ಟರ್ ಮಾಡಬೇಡಿ, ‘ಅಕ್ಕಪಕ್ಕದವರೂ ಬನ್ನಿ’ ಅನ್ನಬೇಡಿ. ಬರಲಾಗದವರಿಗೆ ವಾಟ್ಸಾಪ್‌ನಲ್ಲಿ ಫೈಲ್ ಕಳಿಸುವುದೋ ತುಣುಕು ಕಳಿಸುವುದೋ ಮಾತ್ರ ಖಂಡಿತ ಬೇಡ. ಮನೆಯಲ್ಲಿ ನೋಡುವುದು ಬೇರೆ. ಲೈಂಗಿಕ ದೃಶ್ಯವನ್ನು ಮೊಬೈಲಿನಲ್ಲಿ ದಾಟಿಸುವುದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಸೆಕ್ಷನ್ 67, 67ಎ ಕೆಳಗೆ ಬರಬಹುದು, ಅಲ್ಲಿ ಕಲೆ ಎಂಬ ವಾದ ಪೊಲೀಸ್ ಠಾಣೆಯಲ್ಲಿ ನಡೆಯುವುದಿಲ್ಲ.

ಪೆನ್‌ಡ್ರೈವ್ ವಿಷಯದಲ್ಲಿ ನಾನು ಕಣ್ಣು ಮುಚ್ಚಿಕೊಳ್ಳಲಾರೆ, ಅದು ಕದ್ದ ಕಾಪಿಯೇ ಇರಬೇಕು. ಇಂಥ ಸಿನಿಮಾಗಳಿಗೆ ದುಡ್ಡು ಹುಟ್ಟುವುದೇ ಕಷ್ಟ. 2007ರ ಸೆಸಾರ್ ವೇದಿಕೆಯಲ್ಲಿ ಪ್ರಶಸ್ತಿ ಹಿಡಿದುಕೊಂಡೇ ಫೆರಾನ್ ಮಾತಾಡಿದ್ದು ಇದನ್ನೇ. ಕೋಟಿಗಟ್ಟಲೆಯ ಸಿನಿಮಾ, ಪುಡಿಗಾಸಿನ ಸಿನಿಮಾ ಎರಡೇ ಉಳಿದು, ನಡುವಿನವು ಸಾಯುತ್ತಿವೆ ಎಂದಿದ್ದಳು. ಲಿಯಾನೋ ಪ್ಯಾರಿಸ್ಸೋ, ಆ ಹುಡುಗಿ ಎಲ್ಲಿದ್ದಾಳೋ ಅಲ್ಲಿಂದಲೇ ಮುಂದಿನ ಸಲ ಬರುವಾಗ ಒಂದು ಡಿವಿಡಿ ತರಲು ಹೇಳಿ. ಎರಡು ವಿಷಯ ನೋಡಿಕೊಳ್ಳಲಿ. ಫ್ರಾನ್ಸಿನಲ್ಲಿ ಮಾರುವ ಡಿವಿಡಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರಲೇಬೇಕೆಂದಿಲ್ಲ, ಹಿಂಬದಿ ಓದಿಯೇ ಕೊಳ್ಳಬೇಕು. ಡಿವಿಡಿಗೆ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡಬೇಕೆಂಬ ಗುರುತು ಇರುತ್ತದೆ: ಯುರೋಪಿನದು ರೀಜನ್ 2, ನಮ್ಮದು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ನಿಮ್ಮಲ್ಲಿ ಯಾರ ಮನೆಯಲ್ಲಿದೆ ಎಂದು ಮೊದಲೇ ಪರೀಕ್ಷೆ ಮಾಡಿ. ಎಲ್ಲರೂ ಬಂದು ಕೂತ ಮೇಲೆ ‘ಡಿಸ್ಕ್ ಎರರ್’ ಬರಬಾರದು.

ಕೊನೆಗೆ ನಿಮ್ಮ ಸ್ನೇಹಿತೆ. ಇದನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ಆದರೆ ನಿಮ್ಮ ಪತ್ರ ಶುರುವಾದದ್ದೇ ಇಲ್ಲಿಂದ ಇರಬೇಕು.

ಲಾರೆನ್ಸ್ ಈ ವಿಷಯದಲ್ಲಿ ನ್ಯಾಯವಂತ ಅಲ್ಲ. ಲೇಡಿ ಚಾಟರ್ಲಿಯ ಗಂಡ ಕ್ಲಿಫರ್ಡ್ ಯುದ್ಧದಲ್ಲಿ ಗಾಯಗೊಂಡು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು. ಅದನ್ನು ಲಾರೆನ್ಸ್ ಒಬ್ಬ ಮನುಷ್ಯನ ಕಷ್ಟವಾಗಿ ನೋಡದೆ, ಬತ್ತಿಹೋದ ಒಂದು ವರ್ಗದ ಗುರುತಾಗಿ ಬಳಸಿದ. ಮೂರನೆಯ ಬರಹದಲ್ಲಂತೂ ಅವನ ಮೇಲೆ ಕರುಣೆಯೇ ಇಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಯಾರಿಗಾದರೂ ಅದು ಚುಚ್ಚುತ್ತದೆ, ಚುಚ್ಚಬೇಕು. ಸಿನಿಮಾದಲ್ಲಿ ಇಪೊಲಿತ್ ಜಿರಾರ್ದೊ ಮಾಡಿದ ಕ್ಲಿಫರ್ಡ್ ಅಷ್ಟು ಒಣಗಿದವನಲ್ಲ. ಮೋಟಾರು ಕುರ್ಚಿ ಏರಿನಲ್ಲಿ ನಿಂತುಹೋಗುವ ದೃಶ್ಯ ಇದೆ. ಹೆಂಡತಿ ತಳ್ಳುತ್ತೇನೆ ಎಂದರೆ ಬೇಡ, ಕಾವಲುಗಾರ ಮುಟ್ಟಿದರೆ ಬೇಡ, ಇಂಜಿನ್ನೇ ಹತ್ತಬೇಕು ಎಂಬ ಹಟ. ದರ್ಪ ಅಂತ ಓದಬಹುದು. ಮನೆಯಲ್ಲಿ ರೋಗಿ ಇರುವವರು ಅದನ್ನು ಬೇರೆ ಥರ ಓದುತ್ತಾರೆ. ಚಮಚ ನಾನೇ ಹಿಡಿಯುತ್ತೇನೆ ಎಂಬ ಹಟವನ್ನು ದಿನಾ ಕಂಡವರು ಅವರು. ಶ್ರೀಮತಿ ಬೋಲ್ಟನ್ ಎಂಬ ದಾದಿ ಮನೆಗೆ ಬಂದ ಮೇಲೇ ಕಾನ್‌ಸ್ಟನ್ಸ್ ಹೊರಗೆ ಕಾಲಿಡಲು ಸಾಧ್ಯವಾಗುವುದು. ಅಲ್ಲಿಯತನಕ ಗಂಡನ ಮೈ ತೊಳೆಸುವುದು, ಬಟ್ಟೆ ಹಾಕುವುದು ಎಲ್ಲ ಅವಳದೇ, ಅವಳೇ ಬಾಡಿಹೋಗಿರುತ್ತಾಳೆ. ಪ್ರೇಮದ ದೃಶ್ಯಗಳಿಗಿಂತ ನಿಮ್ಮ ಸ್ನೇಹಿತೆಗೆ ಹತ್ತಿರ ಆಗುವುದು ಅದು ಇರಬಹುದು.

ಹಾಗಂತ ಅವರನ್ನು ಕರೆಯದೆ ಬಿಡಬೇಡಿ, ಏನೋ ನೆಪ ಹೇಳಿ ತಾರೀಕು ಬದಲಾಯಿಸಬೇಡಿ. ರಟ್ಟಿನ ಫೈಲು ಹಿಡಿಯುವ ಕೆಲಸವೇ ಅದು. ಫೋನಿನಲ್ಲಿ ಬೇಡ, ಒಂದು ಸಂಜೆ ಅವರ ಮನೆಗೇ ಹೋಗಿ. ಯಜಮಾನರಿಗೆ ಕೇಳದ ಹಾಗೆ, ಅಡುಗೆಮನೆಯಲ್ಲಿ ನಿಂತು, ಕಥೆ ಇದ್ದದ್ದು ಇದ್ದ ಹಾಗೆ ಹೇಳಿ. ಗಂಡನಿಗೆ ಕಾಲು ಬಾರದು, ಹೆಂಡತಿ ಇನ್ನೊಬ್ಬನ ಹತ್ತಿರ ಹೋಗುತ್ತಾಳೆ, ಸಿನಿಮಾ ಅವಳನ್ನು ಬೈಯುವುದಿಲ್ಲ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. ‘ನಿನ್ನ ಪರಿಸ್ಥಿತಿಗೆ ಇದು’ ಅಂತ ಸಮಾಧಾನ ಶುರುಮಾಡಬೇಡಿ. ಅವರಿಗೆ ಬೇಕಿರುವುದು ಕಥೆಯೋ, ಮನೆಯಿಂದ ಮೂರು ಗಂಟೆ ಹೊರಗಿರುವುದೋ, ನಿಮಗೆ ಹೇಗೆ ಗೊತ್ತು? ಅವತ್ತು ಅಲ್ಲಿ ರೋಗಿ ಹತ್ತಿರ ಕೂರಲು ಯಾರಾದರೂ ಬೇಕಾದರೆ ನಿಮ್ಮ ಮಗನನ್ನು ಕಳಿಸಿ. ಮನೆಯಲ್ಲಿದ್ದು ನಗುವುದಕ್ಕಿಂತ ಆ ಕೆಲಸ ಮಾಡಲಿ.

ಮೂರು ಗಂಟೆ ಅಂದೆ. 168 ನಿಮಿಷಕ್ಕೆ ಇಂಟರ್ವಲ್ ಇಲ್ಲ, ನೀವೇ ಮಾಡಿಕೊಳ್ಳಬೇಕು. ಸುಮಾರು ಒಂದೂಕಾಲು ಗಂಟೆ ಆದ ಮೇಲೆ, ಅವಳು ಕಾಡಿನಿಂದ ವಾಪಸು ಮನೆಗೆ ನಡೆದು ಬರುವ ಯಾವುದಾದರೂ ಜಾಗ ನೋಡಿ ನಿಲ್ಲಿಸಿ. ಕಾಫಿ, ಕೋಡುಬಳೆ ಆಗಲಿ. ಗುಡಿಸಲ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ ಮಾತ್ರ ರಿಮೋಟ್ ಯಾರ ಕೈಗೂ ಕೊಡಬೇಡಿ.